ಒಡೆಯದ ಫೋನು

ಜೂನ್ 3, ಸೋಮವಾರ

ಊಟಕ್ಕೆ ಮುಂಚೆಯೇ ಹನ್ನೆರಡು ಕೊಲೆ. ಹೆಚ್ಚಿನವು ಫೋನುಗಳು, ಕಾಂಕ್ರೀಟಿಗೆ ಬಿದ್ದು ಸತ್ತವು. ಕೆಲವನ್ನು ಉರುಳುವ ಪೀಪಾಯಿಗೆ ಹಾಕಿ ಕುಲುಕಿ ಕುಲುಕಿ ಕೊಂದೆವು. ಕೊನೆಗೊಂದು ಬ್ಯಾಟರಿ. ಮೊಳೆ ಇಳಿಸಿದೆವು. ಬುಸ್ಸೆಂದಿತು, ಹೊಗೆ ಕಕ್ಕಿತು, ಉರಿದು ಕರಕಲಾಯಿತು. ದಪ್ಪ ಗಾಜಿನ ಈಚೆ ನಿಂತು ಬಿಸ್ಕತ್ತು ತಿನ್ನುತ್ತ ನೋಡಿದೆ. ಮೊದಮೊದಲು ಅಯ್ಯೋ ಅನ್ನಿಸುತ್ತಿತ್ತು. ಈಗ ಬಿಸ್ಕತ್ತು ಮೆತ್ತಗಾಗಿದೆ ಅನ್ನಿಸುತ್ತದೆ, ಅಷ್ಟೆ.

ಬಾಗಿಲ ಮೇಲೆ ‘ಬಾಳಿಕೆ ವಿಭಾಗ’ ಎಂಬ ಬೋರ್ಡು. ಒಳಗೆ ಬಂದದ್ದು ಒಂದೂ ಬಾಳುವುದಿಲ್ಲ. ಈ ಜೋಕನ್ನು ಹೊಸಬರಿಗೆಲ್ಲ ಹೇಳುತ್ತೇನೆ. ಹಳಬರು ನನ್ನನ್ನೇ ಪೀಪಾಯಿಗೆ ಹಾಕುವ ಮಾತಾಡುತ್ತಾರೆ. ಅದರಲ್ಲೂ ನಾವು ‘ಸುತ್ತಿಗೆ’ ಅಂತ ಕರೆಯುವವನು. ಪರದೆಗಳ ಮೇಲೆ ಉಕ್ಕಿನ ಗುಂಡು ಬೀಳಿಸುವವನು, ಆಳು ಬೀರುವಿನಷ್ಟು ಅಗಲ. ಬೆರಳಿಗೆ ಗಾಜು ಚುಚ್ಚಿ ಒಂದು ಹನಿ ರಕ್ತ ಕಂಡರೆ ಆ ಬೀರು ಧೊಪ್ಪೆಂದು ಬೀಳುತ್ತದೆ. ಅವನ ಬಾಳಿಕೆ ಅಷ್ಟೇ.

ಸಂಜೆ ಅಕ್ಕ ಲ್ಯಾಬಿಗೆ ಬಂದಳು. ಮತ್ತೆ ಒಡೆದ ಫೋನು.

“ಏನೇ ಇದು?”

“ಕೈ ಜಾರಿತು ಕಣೆ.”

“ಕೈಗೆ ಎಣ್ಣೆ ಹಚ್ಕೊಂಡು ಫೋನ್ ಹಿಡೀತೀಯಾ? ಈ ವರ್ಷ ಮೂರನೇದು. ಬಂದು ನಮ್ಮ ಲ್ಯಾಬಿಗೇ ಸೇರ್ಕೊಂಡ್ಬಿಡು, ಒಡೆದಿದ್ದಕ್ಕೆ ಸಂಬಳನಾದ್ರೂ ಬರುತ್ತೆ.”

ನಕ್ಕಳು. ಬಾಯಿ ಮಾತ್ರ. ಕುರ್ಚಿಗೆ ಬೆನ್ನು ಆನಿಸದೆ ತುದಿಯಲ್ಲೇ ಕೂತಿದ್ದಳು — ಮನೆಗೆ ಅವಸರ ಇರಬೇಕು. ಚಾರ್ಜರಿನ ವೈರೂ ಕೆಟ್ಟಿದೆಯಂತೆ. ಅದನ್ನೂ ಬಿಟ್ಟುಹೋದಳು. ಡ್ರಾಯರಿಗೆ ಹಾಕಿದೆ.

ಜೂನ್ 9, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಭಾವ ಒಳ್ಳೇ ಹುರುಪಿನಲ್ಲಿದ್ದರು.

“ಬನ್ನಿ ಬನ್ನಿ ನಾದಿನಿಯವರೇ, ಈ ವಾರ ಎಷ್ಟು ಹೆಣ ಉರುಳಿಸಿದ್ರಿ?”

ಭಾವನಿಗೆ ಭಾವ ಜಾಸ್ತಿ ಎಂದು ನಾನು ಹಿಂದೆ ಚುಡಾಯಿಸುತ್ತಿದ್ದೆ. ಹಾಡು ಕೇಳಿದರೂ ಕಣ್ಣು ತುಂಬಿಕೊಳ್ಳುವ ಮನುಷ್ಯ. ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಗಾಜನ್ನು ಎರಡು ಬೆರಳಲ್ಲಿ ಹಿಡಿದು ಊದಿ ಒರೆಸುವುದನ್ನು ನೋಡಬೇಕು, ಹಸುಗೂಸಿನ ಕೆನ್ನೆ ಒರೆಸಿದ ಹಾಗೆ. ಅವರಪ್ಪನ ಕಾಲದ ರೇಡಿಯೊ ಇನ್ನೂ ಹಾಡುತ್ತದೆ, ಮದುವೆಯ ವಾಚಿನಲ್ಲಿ ಒಂದು ಗೀರಿಲ್ಲ. ನಮ್ಮ ವಿಭಾಗದಿಂದ ಇವರಿಗೊಂದು ಪದಕ ಕೊಡಿಸಬೇಕು.

ಅಡುಗೆಮನೆಯಲ್ಲಿ ಮಿಕ್ಸಿ ಹೊಸದು. ಹಳೆಯದೆಲ್ಲಿ ಅಂದೆ. ಅಕ್ಕ ಬಾಯಿ ತೆರೆಯುವ ಮೊದಲೇ ಭಾವ ಒಳಗಿನಿಂದ ಕೂಗಿದರು: “ನಿಮ್ಮಕ್ಕನ ಕೈಗೆ ಬಂಡೆ ಕೊಡಿ, ಸಂಜೆ ಹೊತ್ತಿಗೆ ಮರಳು ವಾಪಸ್ ಕೊಡ್ತಾಳೆ!”

ನಕ್ಕೆ. ಜೋಕು ಚೆನ್ನಾಗಿತ್ತು, ಏನು ಮಾಡಲಿ.

ಜೂನ್ 12, ಬುಧವಾರ

ಕೆಲಸ ಕಡಿಮೆ. ಅಕ್ಕನ ಫೋನನ್ನು ಮೈಕ್ರೋಸ್ಕೋಪಿನಡಿ ಇಟ್ಟೆ, ಸುಮ್ಮನೆ, ಚಟಕ್ಕೆ.

ಕೈಯಿಂದ ಜಾರಿದ ಫೋನು ಸಾಮಾನ್ಯವಾಗಿ ಮೂಲೆಗೆ ಬೀಳುತ್ತದೆ. ಮೂಲೆ ಜಜ್ಜಿ, ಬಿರುಕು ಅಲ್ಲಿಂದ ಹೊರಟು ಬಲೆ ನೇಯುತ್ತದೆ. ಇದರಲ್ಲಿ ನಾಲ್ಕು ಮೂಲೆಯೂ ಹೊಸದರಂತಿವೆ. ಅಂಚಿನ ನಟ್ಟನಡುವೆ ಆಳದ ತಗ್ಗು, ತಗ್ಗಿನೊಳಗೆ ಬಿಳಿ ಪುಡಿ. ಸುಣ್ಣ. ಗೋಡೆಯದು.

ಸುತ್ತಿಗೆ ಇಣುಕಿದ. “ಇದು ಬಿದ್ದದ್ದಲ್ಲ. ಬೀಸಿದ್ದು. ಜೋರಾಗೇ ಬೀಸಿದ್ದಾರೆ. ಯಾರದು?”

“ಅಕ್ಕಂದು.”

“ಅಬ್ಬಾ! ನೋಡಿದ್ರೆ ಎಷ್ಟು ಸಾಧು ಕಾಣ್ತಾರೆ.”

ಹೊಟ್ಟೆ ಹಿಡಿದು ನಕ್ಕೆವು. ಸಾಧು ಅಕ್ಕನಿಗೆ ಮೂಗಿನ ತುದಿಯಲ್ಲಿ ಕೋಪ! ತಡೆಯಲಾಗಲಿಲ್ಲ, ಅಕ್ಕನ ಮನೆಯ ಲ್ಯಾಂಡ್‌ಲೈನಿಗೇ ಫೋನ್ ಹಚ್ಚಿದೆ.

“ಗೋಡೆಗೆ ಫೋನ್ ಮಾಡಿದ್ದೀಯಲ್ಲೇ! ಗೋಡೆ ಏನಂತು?”

ಅಕ್ಕ ದನಿ ತಗ್ಗಿಸಿದಳು — “ಹೂಂ ಕಣೆ. ಸಿಟ್ಟು ಬಂದಿತ್ತು. ಎಸೆದುಬಿಟ್ಟೆ. ಯಾರಿಗೂ ಹೇಳ್ಬೇಡ.”

ಎಷ್ಟು ಸಲೀಸಾಗಿ ಪತ್ತೆ ಮಾಡಿದೆ ನಾನು!

ಜುಲೈ 7, ಭಾನುವಾರ

ಅಕ್ಕನ ಸಿಟ್ಟಿಗೆ ಮದ್ದು ಸಿಕ್ಕಿತು. ಕಟ್ಟಡ ಕೆಲಸದವರಿಗೆಂದು ಮಾಡಿದ ಫೋನು. ಲೋಹದ ಅಂಚು, ಮೂಲೆಗೆ ರಬ್ಬರು, ಅಂಗೈಯಲ್ಲಿಟ್ಟರೆ ಇಟ್ಟಿಗೆ ಚೂರು. ನಮ್ಮ ಯಾವ ಯಂತ್ರಕ್ಕೂ ಅದು ಬಗ್ಗಲಿಲ್ಲ. ಉಕ್ಕಿನ ಗುಂಡು ಪುಟಿದು ಸುತ್ತಿಗೆಯ ಕಾಲಿಗೇ ಬಿತ್ತು. ಲ್ಯಾಬಿನದಲ್ಲ, ಅಂಗಡಿಯಿಂದ ಹೊಸದನ್ನೇ ತಂದೆ.

ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿದಳು. ಅಂಚಿನ ಮೇಲೆ ಬೆರಳಾಡಿಸಿದಳು. “ಹಗುರದ್ದು ಇರ್ಲಿಲ್ವಾ ಪುಟ್ಟಿ?”

ಬೇಜಾರಾಯಿತು. ಇಷ್ಟು ಹುಡುಕಿ ತಂದವಳಿಗೆ ಇದಾ ಮಾತು?

ಭಾವ ಇಸಿದುಕೊಂಡರು. ಸ್ವಲ್ಪ ಮೇಲಕ್ಕೆ ಹಾರಿಸಿ ಹಿಡಿದರು. ಮತ್ತೊಮ್ಮೆ ಹಾರಿಸಿ ಹಿಡಿದರು. “ನಿಜವಾಗ್ಲೂ ಒಡೆಯಲ್ವಾ?”

“ಗೋಡೆಗೆ ಎಸೆದ್ರೆ ಗೋಡೆ ರಿಪೇರಿ ಮಾಡಿಸ್ಬೇಕು ಭಾವ!”

ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ.

ಜುಲೈ 20, ಶನಿವಾರ. ಆಸ್ಪತ್ರೆ.

ಅಕ್ಕನ ದವಡೆ ಎರಡು ಕಡೆ ಮುರಿದಿದೆ. ಕೆಳಗಿನ ಹಲ್ಲು ಮೂರು ಇಲ್ಲ. ಎಡಗಣ್ಣು ಊದಿ ಮುಚ್ಚಿಹೋಗಿದೆ. ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ತಂತಿ ಬಿಗಿದು ಬಾಯಿ ಕಟ್ಟಿದ್ದಾರೆ. ವಾರಗಟ್ಟಲೆ ಮಾತಿಲ್ಲ, ಸ್ಟ್ರಾದಲ್ಲಿ ಗಂಜಿ.

ನರ್ಸ್ ಅವಳ ಸಾಮಾನನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟಳು. ಬಳೆ, ಚಪ್ಪಲಿ, ಫೋನು. ನಾನು ಮೊದಲು ಫೋನು ಎತ್ತಿಕೊಂಡೆ. ಬೆಳಕಿಗೆ ಹಿಡಿದು ಓರೆಯಾಗಿ ನೋಡಿದೆ. ಒಂದು ಗೀರಿಲ್ಲ. ಬಟನ್ ಒತ್ತಿದೆ, ಹತ್ತಿಕೊಂಡಿತು. ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ — ಒಂದು ಕ್ಷಣ ಹೆಮ್ಮೆಯಾಯಿತು.

ಆಮೇಲೆ ಸ್ಪೀಕರಿನ ಸಣ್ಣ ತೂತುಗಳು ಕಂಡವು. ಒಂದೊಂದರಲ್ಲೂ ಕಪ್ಪು ಕೆಂಪು ಹೆಪ್ಪುಗಟ್ಟಿತ್ತು. ರಬ್ಬರಿನ ಸಂದಿಯಲ್ಲಿ ಒಂದು ಕೂದಲು.

ತಲೆಯೆತ್ತಿ ಅಕ್ಕನ ಕೆನ್ನೆ ನೋಡಿದೆ. ಬ್ಯಾಂಡೇಜಿನ ಹೊರಗೆ ನೇರ ಗೆರೆಯ ಗಾಯ. ಆ ಅಂಚಿನದೇ ಉದ್ದ.



ಜುಲೈ 21, ಭಾನುವಾರ

ಲ್ಯಾಬಿಗೆ ಹೋಗಿ ಡ್ರಾಯರಿನಿಂದ ವೈರು ತೆಗೆದೆ. ಬಳಸಿ ಬಳಸಿ ಹಾಳಾಗುವ ವೈರು ಕುತ್ತಿಗೆಯಲ್ಲಿ, ಪಿನ್ನಿನ ಹತ್ತಿರ ಸೀಳುತ್ತದೆ. ಇದರ ಕುತ್ತಿಗೆ ಸರಿಯಾಗಿದೆ. ಒಂದು ತುದಿಯಲ್ಲಿ ಮಡಿಕೆ ಮೇಲೆ ಮಡಿಕೆ, ಎಲ್ಲ ಒಂದೇ ಅಳತೆ. ನನ್ನ ಮುಷ್ಟಿಗೆ ಸುತ್ತಿ ನೋಡಿದೆ. ಮಡಿಕೆಗಳು ಒಂದಕ್ಕೊಂದು ಕೂತವು, ಸ್ವಲ್ಪ ಸಡಿಲ. ನನಗಿಂತ ದೊಡ್ಡ ಕೈ. ಉಳಿದ ಉದ್ದ ಬೀಸುವುದಕ್ಕೆ.

ಕುರ್ಚಿಗೆ ಬೆನ್ನು ಆನಿಸದೆ ಕೂತಿದ್ದಳು.

ಫೋನು, ಮಿಕ್ಸಿ, ವೈರು — ಎಲ್ಲ ಅಕ್ಕನವೇ. ಆ ಮನೆಯಲ್ಲಿ ಭಾವನದು ಒಂದು ಬಟ್ಟಲೂ ಒಡೆದಿಲ್ಲ. ಕಣ್ಣು ಮುಚ್ಚಿ ಬರುವ ಕೋಪಕ್ಕೆ ಯಾರದು ಅಂತ ಆರಿಸಲು ಬರುವುದಿಲ್ಲ. ಇವನದು ಕಣ್ಣು ತೆರೆದ ಕೋಪ. ಪರೀಕ್ಷೆಗೆಂದು ಕಂಪನಿಯವರು ನಮಗೆ ಕಳಿಸುವ ಮಾದರಿಗಳು ಯಾವಾಗಲೂ ಮಿರಮಿರ ಮಿಂಚುತ್ತವೆ, ಜನರಿಗೆ ಸಿಗುವ ಮಾಲೇ ಬೇರೆ. ಭಾನುವಾರ ನನಗೆ ತೋರಿಸುತ್ತಿದ್ದದ್ದು ಮಾದರಿ ಗಂಡ. ಉಳಿದ ದಿನದ ಮಾಲು ಅಕ್ಕನಿಗೆ.

ಬೀಸಿದ್ದು ಅಂತ ಸರಿಯಾಗಿ ಹೇಳಿದ್ದೆವು. ಯಾರು ಅಂತ ಕೇಳಲೇ ಇಲ್ಲ. ಭಾನುವಾರದ ಪಾಳಿಯಲ್ಲಿದ್ದ ಸುತ್ತಿಗೆ ಮೆಲ್ಲಗೆ ಅಂದ: “ನಮ್ಮಲ್ಲಿ ಬೀಸೋರು ಯಾವಾಗ್ಲೂ ನಾವೇ ಅಲ್ವಾ. ಕೇಳಿ ಅಭ್ಯಾಸವೇ ಇಲ್ಲ.” ಏಟಿಗೆ ವಸ್ತು ಒಡೆಯುತ್ತಿದ್ದಷ್ಟು ದಿನ ಒಂದಷ್ಟು ಏಟಾದರೂ ವಸ್ತುವಿಗೇ ಮುಗಿಯುತ್ತಿತ್ತೇನೋ. ನಾನು ಹೋಗಿ ಒಡೆಯದ್ದನ್ನು ಅವನ ಕೈಗೆ ಕೊಟ್ಟೆ.

ಸಂಜೆ ವಾರ್ಡಿಗೆ ಹೆಡ್ ಕಾನ್‌ಸ್ಟೇಬಲ್ ಮೇಡಂ ಬಂದರು. “ಏನಾಯ್ತಮ್ಮ?”

ಹೇಳಿದ್ದು ಭಾವ. ಹಾಸಿಗೆಯ ಕಾಲ ಬುಡದಲ್ಲಿ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು. “ಬಾತ್‌ರೂಮಲ್ಲಿ ಜಾರಿದ್ಲು ಮೇಡಂ. ಯಾವಾಗ್ಲೂ ಕೈಯಿಂದ ಏನಾದ್ರೂ ಜಾರ್ತಿತ್ತು. ಈ ಸಲ ಅವಳೇ ಜಾರಿಬಿಟ್ಲು.”

“ಹೌದಾಮ್ಮ?”

ಹೊದಿಕೆಯ ಮೇಲಿಂದ ಅಕ್ಕನ ಪಾದ ಹಿಡಿದಿದ್ದ ಅವನ ಹೆಬ್ಬೆರಳು ಒತ್ತಿತು. ಅಕ್ಕ ತಲೆಯಾಡಿಸಿದಳು. ಹೌದು.

ಕಾರಿಡಾರಿನಲ್ಲಿ ಮೇಡಂಗೆ ಎಲ್ಲ ತೋರಿಸಿದೆ. ಅಂಚು, ಸುಣ್ಣ, ಮಡಿಕೆ. ಪೂರ್ತಿ ಕೇಳಿಸಿಕೊಂಡರು, ಪಾಪ. “ನಂಗೆ ಅರ್ಥ ಆಗುತ್ತಮ್ಮ. ಆದ್ರೆ ಹೊಡೆದ ಅಂತ ಅವರು ಹೇಳ್ಬೇಕು. ಜಾರಿದೆ ಅಂತ ತಲೆ ಆಡಿಸಿದ್ರೆ ನಾನೇನು ಬರ್ಕೊಳ್ಳಿ?”

ಬುಧವಾರ ಡಿಸ್ಚಾರ್ಜ್. ಗಂಡನ ಮನೆಗೆ.

ಜುಲೈ 22, ಸೋಮವಾರ

ಕೆಲಸಕ್ಕೆ ಹೋದೆ. ಮಿಕ್ಸಿಗಳ ದಿನ. ಒಂದನ್ನೂ ಮುಟ್ಟಲಾಗಲಿಲ್ಲ.

ಜುಲೈ 24, ಬುಧವಾರ. ಪೊಲೀಸ್ ಸ್ಟೇಷನ್, ಬೆಂಚು.

ಮೊದಲು ಮಾತಾಡೋಣ ಅಂತಲೇ ಭಾವನ ಅಂಗಡಿಗೆ ಹೋಗಿದ್ದು. ದೇವರಾಣೆ. ಅಕ್ಕನನ್ನು ನನ್ನ ಮನೆಗೆ ಕಳಿಸು ಅಂತ ಕೇಳಬೇಕೆಂದಿದ್ದೆ.

ಅವನು ಒಬ್ಬ ತಾತನ ಮೂಗಿಗೆ ಪರೀಕ್ಷೆಯ ಫ್ರೇಮು ಏರಿಸಿ, ಗಾಜು ಬದಲಿಸುತ್ತ, “ಈಗ ಚೆನ್ನಾಗಿದ್ಯಾ, ಮೊದಲು ಚೆನ್ನಾಗಿತ್ತಾ?” ಅನ್ನುತ್ತಿದ್ದ. ನನ್ನನ್ನು ಕಂಡು ಮುಗುಳ್ನಕ್ಕ. “ಬನ್ನಿ ನಾದಿನಿಯವರೇ. ಕಣ್ಣಿಗೇನಾಯ್ತು?”

“ಈಗ ಕಾಣ್ತಿದೆ” ಅಂದೆ. “ಅಕ್ಕನ್ನ ನನ್ನ ಜೊತೆ ಕಳಿಸು.”

ನೀವು ಹೋಗಿ ನೀನು ಬಂದದ್ದು ಅವನಿಗೆ ಕೇಳಿಸಿತು. ಹತ್ತಿರ ಬಂದು, ತಾತನಿಗೆ ಕೇಳದ ಹಾಗೆ, ಅದೇ ನಗುಮುಖದಲ್ಲಿ: “ಒಡೆಯಲ್ಲ ಅಂತ ಗ್ಯಾರಂಟಿ ಕೊಟ್ಟೋಳು ನೀನೇ ತಾನೇ? ಫೋನಿಗೆ ಏನೂ ಆಗ್ಲಿಲ್ಲ ಬಿಡು.”

ಮೊದಲು ಬಿದ್ದದ್ದು ಗೋಡೆಯ ಗಾಜಿನ ಶೋಕೇಸು. ಸ್ಟೂಲು ಎತ್ತಿ ಬೀಸಿದೆ. ಮೇಲಿನ ಹಲಗೆ ಕೆಳಗಿನದನ್ನು, ಅದು ಅದರ ಕೆಳಗಿನದನ್ನು ಎಳೆದುಕೊಂಡು ನೆಲಕ್ಕೆ ಬಂತು. ಫ್ರೇಮುಗಳ ರಾಶಿಯ ಮೇಲೆ ಬೂಟುಗಾಲಲ್ಲಿ ನಡೆದೆ, ಚರಪರ ಅಂದವು. ಗಾಜು ಕತ್ತರಿಸುವ ಯಂತ್ರವನ್ನು ಮೇಜಿನಿಂದ ತಳ್ಳಿದೆ. ಮೂಲೆಗೇ ಬಿತ್ತು, ನಿಯಮದ ಪ್ರಕಾರ.

“ಏನಮ್ಮ ಅದು ಶಬ್ದ? ಎಲ್ಲ ಎರಡೆರಡು ಕಾಣ್ತಿದೆ ನಂಗೆ” ಅಂದರು ತಾತ.

ಅವನು ಹಿಂದಿನಿಂದ ಕೂದಲು ಹಿಡಿದ. ಹಿಡಿದ ರೀತಿಯಲ್ಲೇ ಗೊತ್ತಾಯಿತು, ಎಷ್ಟು ರೂಢಿ ಇದೆ ಅಂತ. ತಲೆ ಕೌಂಟರಿಗೆ ಬಡಿಯಿತು. ಎಡಗೈಯ ಕಿರುಬೆರಳು ಹಿಂದಕ್ಕೆ ಮಡಚಿದ, ಮೆಲ್ಲಗೆ, ಕನ್ನಡಕದ ಕಡ್ಡಿ ಬಗ್ಗಿಸುವ ಹಾಗೆ. ಟಕ್. ಆ ಶಬ್ದ ನನಗೆ ಚೆನ್ನಾಗಿ ಗೊತ್ತು, ನನ್ನ ಮೈಯಿಂದ ಕೇಳಿದ್ದು ಮಾತ್ರ ಮೊದಲ ಸಲ. ಬಲಗೈಗೆ ಮುಖ ನೋಡಿಕೊಳ್ಳುವ ಕನ್ನಡಿ ಸಿಕ್ಕಿತು. ಕಬ್ಬಿಣದ ಪಾದದ್ದು. ತಿರುಗಿ ಬೀಸಿದೆ. ಅವನ ಮೂಗು ಒಂದು ಪಕ್ಕಕ್ಕೆ ಹೋಯಿತು. ಮತ್ತೆ ಬೀಸಿದೆ. ಮೂರನೆಯದಕ್ಕೆ ಬೀದಿಯವರು ಬಂದು ನನ್ನ ತೋಳು ಹಿಡಿದರು. ಹಿಡಿಯದಿದ್ದರೆ ನಾಲ್ಕನೆಯದೂ ಇರುತ್ತಿತ್ತು. ಅಷ್ಟು ಹಿತವಾಗಿತ್ತು ಅದು. ಹಿತವಾಗಿತ್ತು ಅನ್ನುವುದೇ ಭಯ.

ಬೆರಳಿಗೆ ಪಟ್ಟಿ ಹಾಕಿದ್ದಾರೆ. ಬಲಗೈ ಸುಮ್ಮನಿರುತ್ತಿಲ್ಲ. ಬರೆಯುತ್ತಿದ್ದರೆ ಯಾರ ಮೇಲೂ ಹೋಗುವುದಿಲ್ಲವೆಂದು ಬರೆಯುತ್ತಿದ್ದೇನೆ. ಮೇಡಂ ನೋಡಿಯೂ ನೋಡದ ಹಾಗಿದ್ದಾರೆ.

ಎದುರು ಬೆಂಚಿನಲ್ಲಿ ಅವನು, ಮೂಗಿಗೆ ಹತ್ತಿ. ದೂರು ಕೊಟ್ಟಿದ್ದಾನೆ: ಅಂಗಡಿಗೆ ನುಗ್ಗಿ ಹಲ್ಲೆ. ಎಲ್ಲ ನಿಜವೇ. ತಾತನೇ ಸಾಕ್ಷಿ, ಎರಡೆರಡು ಕಂಡವರು. ಮೇಡಂ ಒಳಗೆ ಹೋದಾಗ ನನ್ನ ಕಡೆ ಬಾಗಿದ. “ನಿಮ್ಮಕ್ಕ ಇವತ್ತು ನೆಟ್ಟಗೆ ಮನೆಗೆ ಬಂದ್ರೆ ದೂರು ವಾಪಸ್. ಇಲ್ಲಾಂದ್ರೆ ನೀನು ಒಳಗೆ. ಅವಳಿಗೂ ಫೋನ್ ಮಾಡಿ ಹೇಳಿದ್ದೀನಿ, ನೀನು ಕೊಟ್ಟಿದ್ದೀಯಲ್ಲ, ಆ ಫೋನಿಗೇ.”

ನನ್ನ ಸಲುವಾಗಿ ಹೋಗಿಬಿಡುತ್ತಾಳೆ. ಗೊತ್ತು. ಚಿಕ್ಕಂದಿನಿಂದ ನಾನು ಮಾಡಿದ್ದಕ್ಕೆ ಬೈಗುಳ ತಿಂದವಳು ಅವಳೇ. ಅಕ್ಕನನ್ನು ಬಿಡಿಸಲು ಹೋಗಿ ಸರಿಯಾಗಿ ಕಟ್ಟಿಹಾಕಿದೆ. ಎರಡನೇ ಸಲ ಅವನ ಕೈಗೆ ಗಟ್ಟಿ ವಸ್ತು ಕೊಟ್ಟೆ.

ಬಾಗಿಲಲ್ಲಿ ಸುತ್ತಿಗೆ. ಆಸ್ಪತ್ರೆಯಿಂದ ಕರೆತರಲು ಅವನಿಗೇ ಹೇಳಿದ್ದೆ, ನನ್ನ ಮನೆಗೆ. ಇಲ್ಲಿಗೇಕೆ ಬಂದ? ಅವನ ತೋಳು ಹಿಡಿದು ಅಕ್ಕ. ಮುಖ ಇನ್ನೂ ಹಳದಿ ನೀಲಿ, ಬಾಯಿ ಬಿಗಿದಿದೆ. ಅವಳ ಬ್ಯಾಂಡೇಜಿನಲ್ಲಿ ರಕ್ತದ ಚುಕ್ಕೆ ಕಂಡು ಸುತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಾನೆ.

“ನಾನಲ್ಲ, ಅವರೇ ಇಲ್ಲಿಗೆ ಕೈ ತೋರಿಸಿದ್ರು” ಅಂದ ನನಗೆ.

ಎದುರು ಬೆಂಚಿನವನು ಎದ್ದ. ಕಣ್ಣಲ್ಲಿ ಆಗಲೇ ನೀರು. “ಬಂದ್ಯಾ? ಬಾ, ಮನೆಗೆ ಹೋಗೋಣ.” ಕೈ ಚಾಚಿದ.

ಅಕ್ಕ ಆ ಕೈಯನ್ನು ನೋಡಿದಳು. ಆಮೇಲೆ ನನ್ನ ಕಟ್ಟಿದ ಬೆರಳನ್ನು. ಬಹಳ ಹೊತ್ತು.

ಅವನನ್ನು ದಾಟಿ ಬಂದಳು. ಮೇಡಂ ಮೇಜಿನ ಮುಂದೆ ನಿಂತಳು. ತೋರುಬೆರಳು, ಹೆಬ್ಬೆರಳು ಕೂಡಿಸಿ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದಾಳೆ. ಮೇಡಂ ಕಾಗದ ಕೊಟ್ಟರು. ಸ್ಟೇಷನ್ನಿನ ಪೆನ್ನು ಕೊಟ್ಟರು. ಗೀಚಿದಳು. ಇಂಕಿಲ್ಲ. ಇನ್ನೊಂದು. ಅದೂ ಇಲ್ಲ.

“ಅವಳಿಗೆ ಹುಷಾರಿಲ್ಲ ಮೇಡಂ, ನಾನೇ ಹೇಳ್ತೀನಿ—”

“ನೀವು ಕೂತ್ಕೊಳ್ಳಿ.”

ಅಕ್ಕ ಈ ಕಡೆ ತಿರುಗಿದಳು. ಬರುತ್ತಿದ್ದಾಳೆ. ನನ್ನ ಪೆನ್ನಿಗೆ ಕೈ—