ಪರದೆಯ ಹಿಂದಿನ ದನಿ

ಖರಾಡಿ, ಪುಣೆ
೧೪ ಜುಲೈ ೨೦೨೫

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಧಾರವಾಡದ ತವರುಮನೆಯಲ್ಲಿ ಇಡೀ ಸಭೆಯಾಗಿ ಒಬ್ಬಳೇ ಕುಳಿತಿರುವ ಪ್ರೀತಿಯ ಸ್ನೇಹಲ್,

ಕನ್ನಡ ಮಾಧ್ಯಮದ ಪದವೀಧರನಾದ ನಿನ್ನ ಗಂಡನಿಗೆ ಕೊನೆಗೂ ತಕ್ಕ ಹುದ್ದೆ ಸಿಕ್ಕಿದೆಯೆಂದು ತಿಳಿಸಲು ಹರ್ಷಿಸುತ್ತೇನೆ. ನಾನೀಗ ಒಂದು ಯಂತ್ರದ ಬಾಯಿ.

ಮಗಳು ಕೇತಕಿಯ ಥೆರಪಿ ಕೇಂದ್ರಕ್ಕೆ ಪ್ರಯೋಗಕ್ಕೆಂದು ಮೊಣಕಾಲೆತ್ತರದ ರೋಬೋ ಬಂದಿದೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಮನುಷ್ಯರ ಮುಖಕ್ಕಿಂತ ಅದರ ಮುಖ ಹಗುರವಂತೆ. ಅದು ರೇಗುವುದಿಲ್ಲ, ಅಳುವುದಿಲ್ಲ. ನಮ್ಮಿಬ್ಬರಿಗೂ ಬಾರದ ವಿದ್ಯೆ. ಮಕ್ಕಳು ಅದನ್ನು ಚಿಂಟ್ಯಾ ಅನ್ನುತ್ತಾರೆ. ಚಿಂಟ್ಯಾನಿಗೆ ಮರಾಠಿ, ಹಿಂದಿ ಬರುತ್ತವೆ, ಕನ್ನಡ ಬಾರದು. ನಮ್ಮ ಮಗಳಿಗೋ ಬೇರೆ ಭಾಷೆ ಕಿವಿಗೇ ಬೀಳುವುದಿಲ್ಲ. ಅದಕ್ಕೇ ಥೆರಪಿಸ್ಟ್ ವಿನೀತಾ ನನ್ನ ಕೈಗೆ ಮೈಕು ಕೊಟ್ಟು ಪರದೆಯ ಹಿಂದೆ ಕೂರಿಸಿದರು. ನಾನು ಆಡಿದ್ದು ಚಿಂಟ್ಯಾನ ಬಾಯಿಂದ ಬರುತ್ತದೆ. ಮೊದಲ ದಿನವೇ "ಪಪ್ಪಾ, ಹಳೂ ಬೋಲಾ, ಭಾಷಣ ನಕೋ" ಎಂದು ಅವರಿಂದ ಬೈಸಿಕೊಂಡೆ. ಮೆಲ್ಲಗೆ ಮಾತಾಡಬೇಕಂತೆ, ಭಾಷಣ ಬೇಡವಂತೆ. ಎಷ್ಟು ಬೇಗ ಗುರುತು ಹಿಡಿದರು ನೋಡು.

ನೀನು ಹಣೆ ಚಚ್ಚಿಕೊಳ್ಳುತ್ತಿದ್ದ ನನ್ನ ಪ್ರಾಸದ ಚಟವೇ ಅಲ್ಲಿ ಕೆಲಸಕ್ಕೆ ಬಂತು:

"ರೊಟ್ಟಿ ತಟ್ಟಿ, ಬೆಣ್ಣಿ ಇಟ್ಟಿ,
ಮೊದಲ ತುತ್ತು ಯಾರಿಗೆ ಕೊಟ್ಟಿ?"

ವಾರಗಟ್ಟಲೆ ಉತ್ತರವಿಲ್ಲ. ಹೋದ ಮಂಗಳವಾರ ಮಾತ್ರ, ಗಂಟೆ ಬಾರಿಸಿದ ಹಾಗೆ, "ಅಪ್ಪ" ಅಂದಳು. ಏಳು ವರ್ಷದ ಮಗಳ ಮೊದಲ ಮಾತು! ಆ ಒಂದು ಮಾತಿಗಾಗಿ ಕಾದು ಕಾದು ಸೋತು ತವರಿಗೆ ಹೋದವಳು ನೀನು. ಸುದ್ದಿ ಕೇಳಿ ನೀನು ಫೋನಿನಲ್ಲಿ ಅತ್ತುಬಿಟ್ಟೆ. "ನಾ ಬಂದ್ರ ನನಗೂ ಒಮ್ಮೆ ಅವ್ವ ಅಂತಾಳೇನ್ರಿ?" ಎಂದು ಕೇಳಿದೆ. ಯಾಕನ್ನಬಾರದು ಎಂದೆ ನಾನು. ಈ ಬರುವ ಭಾನುವಾರ ಗಂಟುಮೂಟೆ ಸಮೇತ ಬಂದುಬಿಡುತ್ತೇನೆ ಎಂದೆ ನೀನು. ಅಂದಿನಿಂದ ಮನೆ ಗುಡಿಸುತ್ತಿದ್ದೇನೆ. ನಿನ್ನ ಕಡೆಯ ಕಪಾಟೂ ಖಾಲಿ ಮಾಡಿದ್ದೇನೆ.

ಇಂತಿ ನಿನ್ನ
ಬಸವಪ್ರಭು

ತಾ.ಕ.: ಸ್ನೇಹಲ್, ಬರಬೇಡ. ಅವಳು ಅಪ್ಪ ಅಂದದ್ದು ಚಿಂಟ್ಯಾನಿಗೆ. ಡಬ್ಬಿಯ ರೊಟ್ಟಿ ಮುರಿದು ಅವನ ಪ್ಲಾಸ್ಟಿಕ್ ತುಟಿಗೆ ಹಿಡಿದಳು. ನಾನು ಪರದೆ ಸರಿಸಿ ಓಡಿಬಂದರೆ, ಕುರ್ಚಿಯನ್ನು ನೋಡುವಷ್ಟೂ ನನ್ನನ್ನು ನೋಡಲಿಲ್ಲ. ಪ್ರಯೋಗ ಮುಗಿಯಿತೆಂದು ಶುಕ್ರವಾರ ಅವನನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದರು. ಈಗ ಮನೆಯಲ್ಲಿ ನನ್ನ ದನಿ ಕೇಳಿದರೆ ಸಾಕು, ಮಂಚದ ಕೆಳಗೆ, ಬಾಗಿಲ ಹಿಂದೆ ಅವನನ್ನು ಹುಡುಕುತ್ತಾಳೆ; ಸಿಗದೆ ಗೋಡೆಗೆ ತಲೆ ಬಡಿದುಕೊಳ್ಳುತ್ತಾಳೆ. ಅದಕ್ಕೇ ನಾನು ಮೂರು ದಿನದಿಂದ ಮಾತು ಬಿಟ್ಟಿದ್ದೇನೆ.