ಮರಬು ಕೊಕ್ಕರೆಗೆ ಕೊಟ್ಟ ಮಾತು

ಸ್ಯಾನ್ ಡಿಯಾಗೊ
೧೨ ಫೆಬ್ರವರಿ ೨೦೨೫

ಮುದ್ದು ಅಪೇಕ್ಷಾ,

ಹೇಗಿದ್ದೀಯ ಅಪ್ಪಿ? ನಿನ್ನ ಬರ್ಬ್ಯಾಂಕ್ ಕಡೆ ಕಾಡ್ಗಿಚ್ಚಿನ ಹೊಗೆ ಕಡಿಮೆಯಾಯಿತೇ, ಕೆಮ್ಮು ನಿಂತಿತೇ? ನನಗೆ ಶುಗರ್ ಇದೆ, ಸಿಹಿಯಿಲ್ಲ. ಬಿಪಿ ಏರಿದೆ, ಬುದ್ಧಿ ಏರಿಲ್ಲ. ಅಮ್ಮನ ಕಾಯಿಲೆ ವಿಷಮಿಸಿದ್ದನ್ನು ಮುಚ್ಚಿಟ್ಟೆನೆಂದು ಮೂರು ವರ್ಷದಿಂದ ನೀನು ನನ್ನ ಫೋನ್ ಎತ್ತಿಲ್ಲ. ಅದಕ್ಕೇ ಈ ಕಾಗದ. ಹರಿಯುವ ಮೊದಲು ಓದು.

ಮೊನ್ನೆ ಅಮ್ಮನ ತಿಥಿ. ಹಿತ್ತಲ ಗೋಡೆಯ ಮೇಲೆ ಪಿಂಡವಿಟ್ಟು ಕಾ ಕಾ ಎಂದು ಕರೆದೆ. ಕಾಗೆಗಳು ಪಕ್ಕದ ಮನೆಯ ಪಿಜ್ಜಾ ಡಬ್ಬ ಕೆದಕುತ್ತಿದ್ದವು, ಇತ್ತ ತಿರುಗಲಿಲ್ಲ. ಹೋದವರ ಆಸೆ ಉಳಿದಿದ್ದರೆ ಕಾಗೆ ಮುಟ್ಟದು, ಅದನ್ನು ನಡೆಸುತ್ತೇನೆಂದು ಮಾತು ಕೊಡಬೇಕು ಎನ್ನುತ್ತಿದ್ದರು ನಿನ್ನಜ್ಜಿ. ಕೊಡಬೇಕಾದ ಒಂದು ಮಾತು ಬಿಟ್ಟು ಏನೇನೋ ಕೊಟ್ಟೆ: "ಶಾಮಲಾ, ನಶ್ಯ ಬಿಡ್ತೀನಿ. ವಾಕಿಂಗ್ ಹೋಗ್ತೀನಿ ಕಣೇ." ಊಹೂಂ.

ಕೊನೆಗೆ ಪಿಂಡವನ್ನು ಫಾಯಿಲ್‌ನಲ್ಲಿ ಸುತ್ತಿ ಜೇಬಿಗಿಟ್ಟು ಝೂಗೆ ಹೋದೆ. ಅಲ್ಲೊಂದು ಆಫ್ರಿಕಾದ ಮರಬು ಕೊಕ್ಕರೆಯಿದೆ. ಕಾಗೆ ಬಾರದಿದ್ದರೆ ಕಾಗೆಯ ದೊಡ್ಡಪ್ಪ! ನನ್ನ ಎದೆಯೆತ್ತರ, ನನ್ನಂತೆಯೇ ಬೋಳುತಲೆ, ಕತ್ತಿನಲ್ಲಿ ಜೋಲುವ ಚೀಲ, ಕರಿಕೋಟು. ತನ್ನೂರಲ್ಲಿ ಸಿಂಹ ಬಿಟ್ಟ ಹೆಣ, ತಿಪ್ಪೆಯ ಕಸ ಎಲ್ಲ ತಿಂದು ಊರು ಚೊಕ್ಕ ಮಾಡುತ್ತದಂತೆ. ಹೆಸರು ಮರಬು, ಆದರೆ ನನಗೆ ಮರೆವು ಕೊಡಲಿಲ್ಲ. ಬಿಸಿಲಲ್ಲಿ ತಂಪಾಗಲೆಂದು ತನ್ನ ಕಾಲ ಮೇಲೆ ತಾನೇ ಹಿಕ್ಕೆ ಹಾಕಿಕೊಂಡಿತು. ನಕ್ಕೆ. ಆಮೇಲೆ ನಗು ನಿಂತಿತು. ಮನೆ ತಂಪಾಗಿರಲೆಂದು ನಾನು ಮಾಡಿಕೊಂಡದ್ದೂ ಅದೇ.

ಅಲ್ಲಿ ಕೆಲಸ ಮಾಡುವ ನಮ್ಮ ಬೆಂಗಳೂರಿನ ಹುಡುಗಿ ರಕ್ಷಿತಾ ಓಡಿಬಂದಳು.

"ಅಂಕಲ್, ಏನದು ಫಾಯಿಲ್‌ನಲ್ಲಿ? ಇದಕ್ಕೆ ಏನೂ ಹಾಕೋ ಹಾಗಿಲ್ಲ."

"ಹಾಕಲ್ಲಮ್ಮ, ತೋರಿಸ್ತೀನಿ ಅಷ್ಟೇ. ಒಂದು ಮಾತು ಹೇಳ್ಬೇಕು ಅದಕ್ಕೆ."

"ಅದು ಉತ್ತರ ಕೊಡಲ್ಲ ಅಂಕಲ್. ದನಿ ಪೆಟ್ಟಿಗೇನೇ ಇಲ್ಲ, ಕೊಕ್ಕನ್ನ ಕಟಕಟ ಅಂತ ಬಡಿಯತ್ತೆ ಅಷ್ಟೇ."

"ಒಳ್ಳೇದಾಯ್ತು ಬಿಡು, ಬೈಯಲ್ಲ."

ಅವಳು ನಕ್ಕು ಅತ್ತ ಹೋದ ಮೇಲೆ ಬೇಲಿ ಹಿಡಿದು ಪಿಸುಗುಟ್ಟಿದೆ: "ಶಾಮಲಾ, ಅಪ್ಪಿಗೆ ನಿಜ ಹೇಳ್ತೀನಿ." ಪಿಂಡ ಈಗ ಫ್ರಿಜ್‌ನಲ್ಲಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ಬಾಳು ಎನ್ನುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಅಂದುಬಿಟ್ಟಿದ್ದೇನೆ.

ನಿನ್ನ ಅಪ್ಪ,
ಉದಯಶಂಕರ

ತಾ.ಕ.: ಇದು ಮರೆತದ್ದಲ್ಲ, ಬಚ್ಚಿಟ್ಟದ್ದು. ಅಮ್ಮ ಹೋದ ಆ ಸಂಜೆ ನೀನು ಫೋನಿನಲ್ಲಿ "ನಾನು ಬರ್ಲಾ ಅಪ್ಪ?" ಅಂದಾಗ, "ಇಡ್ಲಿ ತಿಂದು ನನ್ನನ್ನೇ ಬೈತಿದ್ದಾಳೆ, ನೀನು ನಾಳೆ ಹೊಸ ಕೆಲಸಕ್ಕೆ ಹೋಗು" ಅಂದೆ. ಆ ಸುಳ್ಳು ನಿನಗೆ ಗೊತ್ತು. ಆಮೇಲೆ ನೀನು ಒಂದೇ ಕೇಳಿದೆ: "ಕೊನೇಲಿ ನನ್ನ ಕೇಳಿದ್ಲಾ?" ನಿದ್ದೆಯಲ್ಲೇ ಹೋದಳು ಅಂದೆ. ಅದೂ ಸುಳ್ಳು. ಮೂರು ಸಲ ಕೇಳಿದಳು ಕಂದಾ, "ಅಪ್ಪಿ ಎಲ್ಲೀವರ್ಗೂ ಬಂದ್ಲು?" ಅಂತ. ಮೊದಲು ಅರ್ವೈನ್, ಅರ್ಧ ದಾರಿ ಅಂದೆ. ಆಮೇಲೆ ಓಷನ್‌ಸೈಡ್ ಅಂದೆ. ಕೊನೆಗೆ, ಟೊರ್ರಿ ಪೈನ್ಸ್ ದಾಟಿದ್ಲು ಕಣೇ, ಇನ್ನೇನು ಬಂದೇಬಿಟ್ಲು ಅಂದೆ. ಬಾಗಿಲ ಕಡೆ ತಿರುಗಿ ಮಲಗಿದಳು.