ಚಪ್ಪಲಿ ಡಬ್ಬದ ಮುಚ್ಚಳ

ಅಪ್ಪ,

ಮಾತ್ರೆ ತಿಂಡಿ ತಟ್ಟೆ ಪಕ್ಕದಲ್ಲಿದೆ. ತಿಂದ ಮೇಲೆ ನುಂಗಿ, ಮೊದಲೇ ಅಲ್ಲ. ಹನ್ನೊಂದಕ್ಕೆ ಭುಜದ ವ್ಯಾಯಾಮ ಮಾಡಿಸೋಕೆ ನರ್ಸಮ್ಮ ಬರ್ತಾರೆ. ನೋವೇ ಇಲ್ಲ ಅಂತ ಅವರ ಮುಂದೆ ಜಂಬ ಕೊಚ್ಚಬೇಡಿ.

ಇನ್ನೊಂದು ವಿಷಯ. ಷೆಡ್ಡಲ್ಲಿರೋ ತಾತನ ಕಾಲದ ದೋಣಿ ಇಂಜಿನ್ನಿಂದು. ಅದರ ನೀರಿನ ಪಂಪು ಭಾನುವಾರ ಸಂಜೆವರೆಗೂ ಸೋರ್ತಿತ್ತು. ಮೂರು ಸಲ ಬಿಚ್ಚಿ ಜೋಡಿಸಿ ನಾನೇ ಸೋತು ಕೈಬಿಟ್ಟಿದ್ದೆ. ಇವತ್ತು ಬೆಳಗ್ಗೆ ಸ್ಟಾರ್ಟ್ ಮಾಡಿ ನೋಡಿದ್ರೆ ಒಂದು ಹನಿ ಇಲ್ಲ. ಅನುಮಾನ ಬಂದು ಪಂಪು ಬಿಚ್ಚಿದೆ. ಒಳಗೆ ನೀರು ಸೋರದ ಹಾಗೆ ಸಂದಿಗೆ ಇಡೋ ಪ್ಯಾಕಿಂಗು, ರಟ್ಟಿಂದು, ಹೊಸದು, ನೀಟಾಗಿ ಗ್ರೀಸ್ ಸವರಿ ಕೂರಿಸಿದ್ದು. ಅದರ ಮೇಲೆ ನನ್ನ ಚಪ್ಪಲಿ ಸೈಜು ಅಚ್ಚಾಗಿದೆ. ಕಪಾಟಲ್ಲಿ ನೋಡಿದ್ರೆ ನನ್ನ ಚಪ್ಪಲಿ ಡಬ್ಬಕ್ಕೆ ಮುಚ್ಚಳ ಇಲ್ಲ.

ನಡುನೀರಲ್ಲಿ ಕೈಕೊಟ್ಟ ದಿನದಿಂದ ಆ ಇಂಜಿನ್ ಮುಖ ನೋಡಲ್ಲ ಅಂತ ಹಠ ಹಿಡಿದು ಕೂತವರು ನೀವು. ಅಮ್ಮನ್ನ ಕೇಳಿದೆ. "ಮುಚ್ಚಳಾನ ಬೆಕ್ಕು ಎಳ್ಕೊಂಡು ಹೋಗಿರಬೇಕು" ಅಂದ್ಲು, ನಗು ತಡ್ಕೊಂಡು. ಬೆಕ್ಕು ಬೋಲ್ಟಿನ ತೂತನ್ನ ಅಷ್ಟು ದುಂಡಗೆ ಕತ್ತರಿಸಲ್ಲ.

ಸ್ಟಾರ್ಟ್ ಮಾಡೋ ಹ್ಯಾಂಡಲ್ಲನ್ನ ಬ್ಯಾಗಲ್ಲಿ ಹಾಕ್ಕೊಂಡೇ ಕೆಲಸಕ್ಕೆ ಹೋಗ್ತಿದ್ದೀನಿ. ಆಪರೇಷನ್ ಆದ ಭುಜದಲ್ಲಿ ಅದನ್ನ ತಿರುಗಿಸೋ ಯೋಚನೆ ಯಾರಿಗೂ ಬರಬಾರದು.

ಕಾರ್ಬುರೇಟರೂ ಯಾಕೋ ಸರಿಯಿಲ್ಲ, ಇಂಜಿನ್ ಕೆಮ್ಮುತ್ತೆ. ಬಿಚ್ಚಿ ಟ್ರೇಯಲ್ಲಿ ಇಟ್ಟಿದ್ದೀನಿ. ಷೆಡ್ಡಿಗೆ ಬೀಗ ಹಾಕಿಲ್ಲ. ಕಳೆದುಹೋಯ್ತು ಅಂತ ನೀವು ಎರಡು ದಿನದಿಂದ ಹುಡುಕ್ತಿರೋ ಕನ್ನಡಕ ಅಲ್ಲೇ ಟೂಲ್ ಡಬ್ಬದ ಮೇಲಿದೆ.

ಬೆಕ್ಕಿಗೆ ಹೇಳಿಬಿಡಿ.